ಗ್ರಹಣದ ಕೂಳು

ನಮ್ಮ ವಿಜ್ಞಾನದ ಸರ್ ತೀರಿಕೊಂಡದ್ದು 2024ರ ಆಗಸ್ಟಿನಲ್ಲಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿತ್ತು. ಸಿಂಧನೂರಿನ ಚಹಾದಂಗಡಿಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಗೊಬ್ಬರದಂಗಡಿಯ ಕಟ್ಟೆಯ ಮೇಲೆ ಅದೊಂದೇ ಮಾತು. ಎಡದಂಡೆ ಕಾಲುವೆ ನಂಬಿ ಭತ್ತ ಹಚ್ಚಿದವರ ಮುಖದಲ್ಲಿ ರಕ್ತ ಇರಲಿಲ್ಲ. ಅವರ ಗದ್ದೆಗೆ ನಾಟಿ ಹಚ್ಚಲು ಹೋಗುವ ನಮ್ಮ ಕೇರಿಯ ಹೆಣ್ಣುಮಕ್ಕಳ ಮುಖದಲ್ಲಿ ಅದಕ್ಕಿಂತ ಮೊದಲೂ ಇರಲಿಲ್ಲ. ಆ ಗದ್ದಲದ ನಡುವೆ ಗೆಳೆಯನೊಬ್ಬ ಫೋನು ಮಾಡಿ, "ಸರ್ ಹೋದ್ರಲೇ" ಅಂದ. ಯಾವ ಸರ್ ಎಂದು ನಾನು ಕೇಳಲಿಲ್ಲ. ನಮಗೆ ಸರ್ ಅಂದರೆ ಒಬ್ಬರೇ.

ಅವರಿಗೆ ಅರವತ್ತು. ನಿವೃತ್ತಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ನಾನು ಓದಿದ ಹೈಸ್ಕೂಲು ಸಿಂಧನೂರು ತಾಲೂಕಿನ ಒಂದು ಹಳ್ಳಿಯದು ಅಂದರೆ ಸಾಕು. ಇಂಥ ಹೈಸ್ಕೂಲು, ಇಂಥ ಕೇರಿ ಇಲ್ಲದ ಊರು ನಮ್ಮ ರಾಯಚೂರು ಜಿಲ್ಲೆಯಲ್ಲಿ ಯಾವುದೂ ಇಲ್ಲ.

ನಾನು ಎಂಟನೇ ಇಯತ್ತೆಗೆ ಸೇರಿದ್ದು 2013ರಲ್ಲಿ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಹೊಸ್ತಿಲು ದಾಟಿದ ಮೊದಲಿಗ ನಾನೇ. ಸರ್ ಬಂದ ಮೊದಲ ವಾರವೇ ಒಂದು ಕೆಲಸ ಕೊಟ್ಟರು. "ಗ್ರಹಣ ಅಂದ್ರ ಏನು? ಪುಸ್ತಕ ನೋಡಬ್ಯಾಡ್ರಿ. ನಿಮ್ಮ ನಿಮ್ಮ ಮನಿಯಾಗ ಹಿರಿಯರನ್ನ ಕೇಳಿ ಬರಕೊಂಡು ಬರ್ರಿ."

ಮರುದಿನ ಎಲ್ಲರೂ ಓದಿದರು. ರಾಹು ಕೇತು ನುಂಗುತ್ತಾರೆ. ಬಸುರಿ ಹೊರಗೆ ಬರಬಾರದು, ಬಂದರೆ ಹುಟ್ಟುವ ಕೂಸಿನ ತುಟಿ ಸೀಳುತ್ತದೆ. ನೀರಿನ ಕೊಡದ ಮೇಲೆ ದರ್ಭೆ ಇಡಬೇಕು. ಮಾಡಿಟ್ಟ ಅಡಿಗೆ ವಿಷವಾಗುತ್ತದೆ, ಅದನ್ನು ಉಣ್ಣಬಾರದು.

ನನ್ನ ಪಾಳಿ ಬಂತು. ನಾನು ಕೇಳಿದ್ದು ನಮ್ಮ ಆಯಿಯನ್ನು. ಆಕೆ ಹೇಳಿದ್ದನ್ನೇ ಬರೆದುಕೊಂಡು ಹೋಗಿದ್ದೆ: "ಗ್ರಹಣ ಅಂದ್ರ ನಮಗ ಹೊಟ್ಟಿ ತುಂಬೋ ದಿನ. ಊರಾಗಿನವರು ಮಾಡಿಟ್ಟ ಅಡಗಿ ಮೈಲಿಗಿ ಆತಂತ ಹೊರಗ ಹಾಕೋರು. ನಾವು ಬುಟ್ಟಿ ತಗೊಂಡು ಹೋಗಿ ಬೇಡಿ ತರ್ತಿದ್ವಿ. ಅನ್ನ, ಹೋಳಿಗಿ, ಸಾರು. ಮುಂದ ಎರಡು ದಿನ ಒಲಿ ಹಚ್ಚತಿದ್ದಿಲ್ಲ."

ಇಡೀ ವರ್ಗ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ನಮ್ಮ ಜಾತಿಯ ಹೆಸರನ್ನೇ ಸಣ್ಣಗೆ ಕೂಗಿದರು. ನಾನು ಹಾಳೆ ಹರಿದು ಮುದ್ದೆ ಮಾಡಿದೆ. ಸರ್ ನನ್ನ ಬಳಿಗೆ ಬಂದು ಆ ಮುದ್ದೆಯನ್ನು ಕೈಗೆ ತಗೊಂಡು, ಮೇಜಿನ ಮೇಲಿಟ್ಟು ಅಂಗೈಯಿಂದ ನೀಟಾಗಿ ತೀಡಿ, ಮತ್ತೊಮ್ಮೆ ತಾವೇ ಗಟ್ಟಿಯಾಗಿ ಓದಿದರು. ಆಮೇಲೆ ಹೇಳಿದರು:

"ನೀವೆಲ್ಲ ಬರದದ್ದು ಕೇಳಿದ ಮಾತು. ಇವ ಬರದದ್ದು ಮಾತ್ರ ಪ್ರಯೋಗದ ವರದಿ. ನೋಡ್ರಿ, ಅಡಗಿ ಒಂದ. ಮಂದಿ ಎರಡು ಕಡಿ. ಒಂದು ಕಡಿಯವರು ವಿಷ ಅಂತ ಚೆಲ್ಲಿದರು. ಇನ್ನೊಂದು ಕಡಿಯವರು ಅದನ್ನ ಉಂಡರು. ಉಂಡವರು ಮರುದಿನ ಎದ್ದು ಚೆಲ್ಲಿದವರ ಹೊಲಕ್ಕ ಕೂಲಿಗೆ ಹೋದರು. ಒಂದು ಸಲ ಅಲ್ಲ, ನೂರಾರು ವರ್ಷ ಹಿಂಗ ನಡದೈತಿ. ಈಗ ಹೇಳ್ರಿ, ಅಡಗ್ಯಾಗ ವಿಷ ಇತ್ತೇನು?"

ಯಾರೂ ಮಾತಾಡಲಿಲ್ಲ.

"ವಿಷ ಇತ್ತು, ಆದರ ಅಡಗ್ಯಾಗ ಅಲ್ಲ" ಅಂದು ಸರ್ ಬೋರ್ಡಿನ ಕಡೆ ತಿರುಗಿದರು.

ಗೆಳೆಯರೇ, ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಮಹಾರಾಷ್ಟ್ರದಲ್ಲಿ ಮಾಂಗ ಜಾತಿಯವರು ಗ್ರಹಣದ ಹೊತ್ತಿನಲ್ಲಿ ದಾನ ಕೊಡಿರೆಂದು ಬೀದಿ ಬೀದಿ ಕೂಗುತ್ತಾ ಬೇಡಬೇಕಿತ್ತು ಎಂಬುದನ್ನೂ ಓದಿ ತಿಳಿದೆ. ಆದರೆ ನಮ್ಮ ಆಯಿಯ ಬುಟ್ಟಿಯೊಳಗಿನ ಕೂಳನ್ನು ವಿಜ್ಞಾನದ ಸಾಕ್ಷಿಯೆಂದು ಎತ್ತಿ ಹಿಡಿದವರು ಅವರೊಬ್ಬರೇ. ಅವತ್ತು ಮನೆಗೆ ಹೋಗಿ ಆಯಿಗೆ ಹೇಳಿದೆ. ಆಕೆಗೆ ಪ್ರಯೋಗ ಎಂಬ ಮಾತು ತಿಳಿಯಲಿಲ್ಲ. "ನಿಮ್ಮ ಮಾಸ್ತರ ನಮ್ಮ ಪೈಕಿನ ಇರಬೇಕು ನೋಡು" ಅಂದಳು. ಆಕೆಯ ಊಹೆ ಖರೆ ಇತ್ತು. ನಮಗೆ ಅದು ಗೊತ್ತಾಗಲು ಇನ್ನೂ ಮೂರು ವರ್ಷ ಬೇಕಾಯಿತು.

ನಮ್ಮ ಶಾಲೆಯಲ್ಲಿ ಪ್ರಯೋಗಾಲಯ ಅಂದರೆ ಒಂದು ಗೋದ್ರೆಜ್ ಕಪಾಟು, ಅದರ ಕೀಲಿ ಕಳೆದಿತ್ತು. ಸರ್ ಆ ಕಪಾಟಿನ ದಾರಿ ಕಾಯಲಿಲ್ಲ. ಅರಿಷಿಣದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡಿದರು, ಹುಣಸೆಹುಳಿ ಹಿಂಡಿ ಮತ್ತೆ ಹಳದಿ ಮಾಡಿದರು. ಆಮ್ಲ ಪ್ರತ್ಯಾಮ್ಲದ ಪಾಠ ನಮಗೆ ಅವ್ವನ ಒಲೆಯ ಮುಂದಿನ ಸಾಮಾನಿನಲ್ಲೇ ಮುಗಿಯಿತು. ಒಂದು ದಿನ ಊರೊಳಗಿನ ಬಾವಿ ನೀರು, ಕೇರಿಯ ಬೋರಿನ ನೀರು, ಕಾಲುವೆ ನೀರು ಮೂರನ್ನೂ ಮೂರು ತಾಟಿನಲ್ಲಿ ಬಿಸಿಲಿಗಿಟ್ಟರು. ಸಂಜೆ ಹೊತ್ತಿಗೆ ನೀರು ಹಾರಿಹೋಗಿ ತಳದಲ್ಲಿ ಬಿಳಿ ಉಪ್ಪು ಉಳಿಯಿತು, ಕೇರಿಯದರಲ್ಲಿ ಎಲ್ಲಕ್ಕಿಂತ ಹೆಚ್ಚು. "ಹಾರಿಹೋದ ನೀರಿನಾಗ ಯಾವುದು ಯಾರದು ಅಂತ ಯಾರಿಗಾದರೂ ಗುರುತು ಹಚ್ಚಲಿಕ್ಕ ಬರತೈತೇನು?" ಎಂದು ಕೇಳಿದರು. ಆಮೇಲೆ ಕೇರಿಯ ತಾಟು ತೋರಿಸಿ, "ಇದನ್ನ ಮಾತ್ರ ಮರಿಬ್ಯಾಡ್ರಿ. ಈ ಉಪ್ಪಿನ ನೀರು ಯಾರ ಪಾಲಿಗೆ ಬಂತು, ಯಾಕ ಬಂತು, ಅದು ವಿಜ್ಞಾನದ ಪ್ರಶ್ನಿನ" ಅಂದರು.

ಸೂರ್ಯನನ್ನು ಅಳೆಯಲು ಕಲಿಸಿದ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕ್ಷೌರದ ಸಣ್ಣ ಕನ್ನಡಿಗೆ ಹಾಳೆ ಅಂಟಿಸಿ, ನಡುವೆ ಜೋಳದ ಕಾಳಿಗಿಂತ ಸಣ್ಣ ತೂತು ಮಾಡಿದರು. ಬಿಸಿಲಿಗೆ ಹಿಡಿದು, ಮೂವತ್ತು ಅಡಿ ದೂರದ ಕತ್ತಲೆ ಕೋಣೆಯ ಗೋಡೆಗೆ ಬೆಳಕು ಬಿಟ್ಟರು. ಗೋಡೆಯ ಮೇಲೆ ದುಂಡನೆ ಸೂರ್ಯ ಬಿದ್ದ. ಅಳತೆಪಟ್ಟಿ ಹಿಡಿದು ನೋಡಿದೆವು: ಮೂರು ಇಂಚಿನ ಮೇಲೆ ಚೂರು. ಮೂವತ್ತು ಅಡಿಯನ್ನು ಇಂಚು ಮಾಡಿ ಭಾಗಿಸಿದರೆ ಸುಮಾರು 108. ಅಂದರೆ ಸೂರ್ಯ ಎಷ್ಟು ಅಗಲ ಇದ್ದಾನೋ ಅದರ ಸುಮಾರು 108 ಪಟ್ಟು ದೂರದಲ್ಲಿದ್ದಾನೆ. "ಜಪಮಣಿ ಎಣಿಸೋರೂ 108 ಅಂತಾರ. ಯಾಕಂತ ಕೇಳಿದರ ಹೇಳಂಗಿಲ್ಲ. ನೀವು ಎರಡು ರೂಪಾಯಿ ಕನ್ನಡಿಯಿಂದ ಅಳದೀರಿ. ಯಾರಾದರೂ ಕೇಳಿದರ ಹ್ಯಾಂಗ ಅಳದೆವು ಅಂತ ತೋರಸಬಹುದು. ಇಷ್ಟ ಫರಕು" ಅಂದರು.

ಒಂಬತ್ತನೇ ಇಯತ್ತೆಯಲ್ಲಿ, 2014ರ ಸೆಪ್ಟೆಂಬರ್ 24ರಂದು, ಮಂಗಳಯಾನ ಮಂಗಳದ ಕಕ್ಷೆ ಸೇರಿತು. ಶಾಲೆಯಲ್ಲಿ ಪೇಢೆ ಹಂಚಿದರು. ಸರ್ ತಮ್ಮ ಪೇಢೆ ನಮಗೆ ಕೊಟ್ಟು ಮೇಘನಾದ ಸಹಾರ ಕಥೆ ಹೇಳಿದರು. 1893ರಲ್ಲಿ ಢಾಕಾ ಸೀಮೆಯ ಹಳ್ಳಿಯೊಂದರಲ್ಲಿ ಬಡ ಅಂಗಡಿಕಾರನ ಮಗನಾಗಿ ಹುಟ್ಟಿದವರು. ಕೋಲ್ಕತ್ತಾದ ಹಿಂದೂ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಅವರೊಂದಿಗೆ ಕೂತು ಉಣ್ಣಲು ಒಲ್ಲೆ ಅಂದರು. ಅದೇ ಹುಡುಗ 1920ರಲ್ಲಿ, ನಕ್ಷತ್ರದ ಬೆಳಕನ್ನು ನೋಡಿ ಅದರ ಕಾವು ಎಷ್ಟೆಂದು ತಿಳಿಯಲು ದಾರಿಯಾದ ಸಮೀಕರಣ ಬರೆದ. "ಪಂಕ್ತಿಯಿಂದ ಎಬ್ಬಿಸಿದವರ ಹೆಸರು ಯಾರಿಗೂ ನೆನಪಿಲ್ಲ" ಅಂದರು. ಆ ಮಾತು ಹೇಳುವಾಗ ಅವರ ದನಿ ತುಸು ನಡುಗಿತು. ನಮಗೆ ಆಗ ತಿಳಿಯಲಿಲ್ಲ.

ಅದೇ ವರ್ಷ ಮಸ್ಕಿಗೆ ಕರೆದುಕೊಂಡು ಹೋದರು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲೇ ಮಸ್ಕಿ. ಕೆಂಪು ಬಸ್ಸಿನಲ್ಲಿ ಇಪ್ಪತ್ತೆರಡು ಹುಡುಗ ಹುಡುಗಿಯರು, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ ಅದನ್ನು ಕಂಡ. ಆತ ಹುಡುಕಿದ್ದು ಚಿನ್ನ, ಸಿಕ್ಕಿದ್ದು ಅಕ್ಷರ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಈ ಬಂಡೆಯಲ್ಲಿ.

ಬೇರೆ ಮಾಸ್ತರಾದರೆ ಪರೀಕ್ಷೆಗೆ ಇಷ್ಟು ಸಾಕು ಅನ್ನುತ್ತಿದ್ದರು. ಸರ್ ನಮ್ಮನ್ನು ಬಂಡೆಯ ಮುಂದೆ ಕೂಡಿಸಿ, ಅದರಲ್ಲಿ ಏನಿದೆ ಎಂಬುದನ್ನು ಹೇಳಿದರು. ಧಮ್ಮದ ದಾರಿಯ ಫಲ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬೇಡಿ, ಸಣ್ಣವನಿಗೂ ಸಿಗುತ್ತದೆ ಎಂಬ ಅರ್ಥ ಅದರಲ್ಲಿದೆ. "ಎರಡು ಸಾವಿರ ವರ್ಷದ ಹಿಂದ ನಮ್ಮ ಸೀಮಿಯ ಕಲ್ಲಿನ ಮ್ಯಾಲ ಇದನ್ನ ಕಡದಾರ. ಓದಲಿಕ್ಕ ಬರೋ ಲಿಪಿ ಮರತೀವಿ. 1837ರಾಗ ಪ್ರಿನ್ಸೆಪ್ ಅನ್ನೋನು ಬ್ರಾಹ್ಮಿ ಲಿಪಿ ಓದೋ ತನಕ ಯಾರಿಗೂ ಗೊತ್ತಿದ್ದಿಲ್ಲ. ಅಕ್ಷರ ಮರತರ ಏನೇನು ಕಳಕೊಳ್ತೀವಿ ನೋಡ್ರಿ" ಅಂದರು. ಕೇರಿಯ ನಾವು ಐದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹತ್ತನೇ ಇಯತ್ತೆಯ ವರ್ಷ ಕೆಟ್ಟ ವರ್ಷ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಎರಡು ವರ್ಷ ಮೊದಲು ಪುಣೆಯಲ್ಲಿ ದಾಭೋಳ್ಕರರನ್ನು ಕೊಂದಿದ್ದರು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. ಕಾರ್ಲ್ ಸಾಗನ್‌ನಂತೆ ವಿಜ್ಞಾನ ಬರೆಯಬೇಕೆಂದಿದ್ದ ಹುಡುಗ. ಸರ್ ಪೇಪರು ಹಿಡಿದು ವರ್ಗಕ್ಕೆ ಬಂದರು. ಏನೋ ಹೇಳಲು ಹೋದರು. ಹೇಳಲಿಲ್ಲ. ಪೇಪರು ಮಡಚಿ ಮೇಜಿನ ಮೇಲಿಟ್ಟು, ಬೆಳಕಿನ ವಕ್ರೀಭವನ ಪಾಠ ಮಾಡಿದರು. ನನಗೆ ಮೊದಲ ಸಲ ಅವರ ಮೇಲೆ ಸಿಟ್ಟು ಬಂತು.

ಪರೀಕ್ಷೆ ಹತ್ತಿರ ಬಂದಿತ್ತು. 2016ರ ಮಾರ್ಚ್ 9ರ ಬೆಳಿಗ್ಗೆ ಸರ್ ನಮ್ಮ ಐದು ಮಂದಿಯನ್ನು ಬೇವಿನ ಗಿಡದ ಕೆಳಗೆ ಕರೆದರು. "ಇವತ್ತು ಇಂಡೋನೇಷಿಯಾದಾಗ ಪೂರ್ಣ ಗ್ರಹಣ. ನಾನು ಕಂಡ ಗ್ರಹಣದ ಮೊಮ್ಮಗ ಅದು" ಅಂದರು. ಅವತ್ತೇ ಅವರು ತಮ್ಮ ಕಥೆ ಹೇಳಿದ್ದು.

1980ರ ಫೆಬ್ರವರಿ 16, ಶನಿವಾರ. ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಕಾರವಾರದ ಕಡೆ ಹತ್ತಿ ನಮ್ಮ ರಾಯಚೂರು ಸೀಮೆಯ ಮೇಲೆ ಹಾದು ಹೋದ ದಿನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಅದನ್ನು ನೋಡಲೆಂದು ಹುಬ್ಬಳ್ಳಿಯ ಹತ್ತಿರ ಹೊಸೂರಿನಲ್ಲಿ, ಮತ್ತೆ ನಮ್ಮ ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಠಾಣ್ಯ ಹೂಡಿದ್ದರು. ದೇಶದ ದೊಡ್ಡ ಖಗೋಳ ವಿಜ್ಞಾನಿಗಳು ನಮ್ಮ ಜವಳಗೇರಾದ ಎರೆಮಣ್ಣಿನಲ್ಲಿ ನಿಂತಿದ್ದರು ಎಂಬುದು ನಮ್ಮ ಹುಡುಗರಿಗೆ ಇವತ್ತಿಗೂ ಗೊತ್ತಿಲ್ಲ. ಸರ್ ಅದೇ ಹೋಬಳಿಯ ಒಂದು ಕೇರಿಯ ಹುಡುಗ. ಹದಿನೈದು ವರ್ಷ. ಅವರಪ್ಪ ಅಲ್ಲಿ ಪೆಟ್ಟಿಗೆ ಹೊರುವ, ಗುಂಡಿ ತೋಡುವ ಕೂಲಿಗೆ ಹೋಗಿದ್ದರು.

"ಊರು ಸುಡುಗಾಡು ಆಗಿತ್ತು" ಅಂದರು ಸರ್. "ಮಧ್ಯಾನ್ನಕ್ಕ ಬಾಗಿಲೆಲ್ಲ ಬಂದ್. ಕಿಂಡಿಗೂ ಅರಿವಿ ಸಿಗಿಸಿದ್ದರು. ನಾನು ಅಪ್ಪನ್ನ ಹುಡಿಕ್ಕೊಂಡು ಓಡಿದೆ. ಬೇಲಿ ಹೊರಗ ಕುಂತೆ. ಬಿಸಿಲು ಹಳೇ ಹಿತ್ತಾಳಿ ಬಣ್ಣಕ್ಕ ತಿರಗಿತು. ಬೆಳ್ಳಕ್ಕಿ ಗೂಡಿಗೆ ಹೊಂಟವು. ಒಮ್ಮಿಗೇ ಕತ್ತಲ. ಹಗಲಾಗ ಶುಕ್ರ ಕಂಡ. ಸೂರ್ಯ ಇದ್ದ ಕಡಿ ಕರೆ ತೂತು, ಅದರ ಸುತ್ತ ಮಲ್ಲಿಗಿ ದಂಡಿಯಂಥಾ ಬೆಳಕು. ಎರಡು ನಿಮಿಷದ ಮ್ಯಾಲ ಇತ್ತು. ಅಷ್ಟರಾಗ ನನ್ನ ಜೀವನ ಮುಗದು ಮತ್ತ ಸುರು ಆತು. ಬೆಳಕು ಬಂದ ಮ್ಯಾಲ ಯಾರೋ ಒಬ್ಬರು ಕೆಟಲಿಯಿಂದ ಚಹಾ ಹಾಕ್ಕೊಂತ ಬಂದರು. ಸಾಹೇಬರಿಗೆ ಕೊಟ್ಟ ಗಿಲಾಸಿನಾಗ ನಮ್ಮಪ್ಪಗೂ ಕೊಟ್ಟರು, ನನಗೂ ಕೊಟ್ಟರು. ಗ್ರಹಣ ಇನ್ನೂ ಪೂರಾ ಬಿಟ್ಟಿದ್ದಿಲ್ಲ. ನಮ್ಮೂರ ಹೋಟೆಲದಾಗ ನಮ್ಮ ಗಿಲಾಸು ಹೊರಗ, ತೂತಿನಾಗ ಇರ್ತಿತ್ತು. ಅಪ್ಪ ಆ ಚಹಾ ಕುಡಿಲಿಕ್ಕ ಅಂಜಿದ. ನಾನು ಕುಡದೆ."

ಆಯಿಯ ಊಹೆ ಖರೆ ಎಂದು ನಮಗೆ ತಿಳಿದದ್ದು ಹೀಗೆ.

ಆಮೇಲೆ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿ ತೋರಿಸಿದರು. ಸೂರ್ಯ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ಅಗಲ, ಸುಮಾರು ನಾನೂರು ಪಟ್ಟು ದೂರ. ಅದಕ್ಕೇ ಎರಡೂ ನಮ್ಮ ಕಣ್ಣಿಗೆ ಒಂದೇ ಅಳತೆ. ಚಂದ್ರನ ದಾರಿ ಐದು ಡಿಗ್ರಿಯಷ್ಟು ಓರೆ. ಅದಕ್ಕೇ ಪ್ರತಿ ಅಮಾವಾಸ್ಯೆಗೆ ಗ್ರಹಣ ಇಲ್ಲ. ಒಂದು ಗ್ರಹಣ ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ತಾಸಿಗೆ ಮತ್ತೆ ಅದೇ ಚಂದವಾಗಿ ಬರುತ್ತದೆ. ಆ ಎಂಟು ತಾಸಿನಲ್ಲಿ ಭೂಮಿ ಮೂರನೇ ಒಂದು ಪಾಲು ತಿರುಗಿರುವುದರಿಂದ ಬೇರೆ ದೇಶದ ಮೇಲೆ ಬೀಳುತ್ತದೆ. 1980ರದು 1998ರ ಫೆಬ್ರವರಿ 26ಕ್ಕೆ ಕೆರಿಬಿಯನ್ ಕಡೆ ಹೋಯಿತು, 2016ರ ಮಾರ್ಚ್ 9ಕ್ಕೆ ಇಂಡೋನೇಷಿಯಾಕ್ಕೆ. ಮೂರನೇ ಸಲಕ್ಕೆ ಭೂಮಿ ಪೂರಾ ಸುತ್ತು ಮುಗಿಸುತ್ತದೆ. "ಅಂದ್ರ 2034ರ ಮಾರ್ಚ್ 20ಕ್ಕ ನನ್ನ ಗ್ರಹಣ ಮತ್ತ ನಮ್ಮ ದೇಶಕ್ಕ ಬರತೈತಿ. ಈ ಸಲ ಸೀಮಿ ಬೇರೆ, ಕಾರ್ಗಿಲ್ ಕಡಿ. ಅಷ್ಟೊತ್ತಿಗೆ ನನಗ ಎಪ್ಪತ್ತು ಆಗಿರತೈತಿ. ನೀವು ಕರಕೊಂಡು ಹೋಗ್ರಿ" ಅಂದು ನಕ್ಕರು.

ನಾನು ಪಿಯುಸಿಗೆ ಲಿಂಗಸುಗೂರಿಗೆ ಹೋದೆ. ಹಾಸ್ಟೆಲಿನಲ್ಲಿ ಅಂಬೇಡ್ಕರ್ ಸಿಕ್ಕರು, ಸಂಘಟನೆ ಸಿಕ್ಕಿತು, ಕವಿತೆ ಸಿಕ್ಕಿತು. ಡಿಗ್ರಿಗೆ ಬರುವ ಹೊತ್ತಿಗೆ ನಾನು ದೊಡ್ಡ ದನಿಯ ಹುಡುಗನಾಗಿದ್ದೆ. ಸರ್‌ಗೆ ವರ್ಗವಾಗಿ ಬೇರೊಂದು ಊರಿಗೆ ಹೋಗಿದ್ದರು. ನಮ್ಮದೊಂದು ಕಾರ್ಯಕ್ರಮಕ್ಕೆ ಕರೆಯಲು ಗೆಳೆಯನೊಂದಿಗೆ ಅವರ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ಹೆಗಲ ಮೇಲೆ ನೀಲಿ ಶಾಲು ಇತ್ತು. ಬಾಗಿಲಿಗೆ ಬಂದ ಸರ್ ಮುಖ ಬಿಳುಪಾಯಿತು. ಒಳಗೆ ಕರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಮ್ಮನ್ನು ಬೀದಿಯ ಕೊನೆಗೆ ಕರೆದೊಯ್ದು, "ಇಲ್ಲಿ ಆ ಮಾತು ಬ್ಯಾಡ ತಮ್ಮಾ. ಮನಿ ಮಾಲಕರಿಗೆ ಗೊತ್ತಿಲ್ಲ" ಅಂದರು.

ನನ್ನ ನೆಲ ಕುಸಿಯಿತು. ಮೇಘನಾದ ಸಹಾರ ಕಥೆ ಹೇಳಿದ ಬಾಯಿಯೇ ಇದು? ಮಸ್ಕಿಯ ಬಂಡೆ ತೋರಿಸಿದ ಕೈಯೇ ಇದು? ಅವತ್ತು ರಾತ್ರಿ ಕೂತು ಒಂದು ಕವಿತೆ ಬರೆದೆ. ಸೂರ್ಯನನ್ನು ಅಳೆದವನು ತನ್ನ ಮನೆಯ ಬಾಗಿಲು ಅಳೆಯಲಾರದೆ ಹೋದ ಎಂಬುದು ಅದರ ಅರ್ಥ. ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೆಳೆಯರು ಬೆನ್ನು ತಟ್ಟಿದರು. ಹೆಸರು ಹಾಕಿರಲಿಲ್ಲ, ಆದರೆ ಓದಿದರೆ ಅವರಿಗೆ ತಿಳಿಯುತ್ತದೆಂದು ನನಗೆ ಗೊತ್ತಿತ್ತು. ತಿಳಿಯಲಿ ಎಂದೇ ಬರೆದಿದ್ದೆ.

ಅವರು ಓದಿದ್ದರು.

2022ರ ಅಕ್ಟೋಬರ್ 25. ದೀಪಾವಳಿಯ ಅಮಾವಾಸ್ಯೆಗೆ ಹೊಂದಿಕೊಂಡು ಪಾರ್ಶ್ವ ಗ್ರಹಣ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ. ನಾನು ಊರಲ್ಲಿದ್ದೆ. ಮಧ್ಯಾಹ್ನದ ಬಸ್ಸಿಗೆ ಸರ್ ಬಂದಿಳಿದರು. ನೆಟ್ಟಗೆ ನಮ್ಮ ಕೇರಿಗೆ, ನಮ್ಮ ಮನೆಗೆ ಬಂದರು. ಕೈಯಲ್ಲಿ ಅದೇ ಕನ್ನಡಿ, ಒಂದು ಚೀಲ ಮಂಡಾಳು. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಅವ್ವನಿಗೆ, "ಯಕ್ಕಾ, ಒಗ್ಗರಣಿ ಹಾಕವಾ. ಗ್ರಹಣ ಹಿಡಿದಾಗ ಎಲ್ಲರೂ ಕೂಡಿ ತಿನ್ನೋಣು" ಅಂದರು. ಅವ್ವ ಅಂಜಿದಳು. ಒಳಗಿನಿಂದ ಆಯಿ, "ಹಾಕ ಹಾಕು, ನಾವು ತಿಂದ ಬೆಳದೀವಿ" ಅಂದಳು.

ಐದರ ಮೇಲೆ ಗ್ರಹಣ ಹಿಡಿಯಿತು. ಕೇರಿಯ ಹುಡುಗರೆಲ್ಲ ಸೇರಿದರು. ಸರ್ ಕನ್ನಡಿ ಹಿಡಿದು ತಿರುಗಿಸಿದರು. ಬೆಳಕಿನ ಬಿಲ್ಲೆ ದೂರ ಹಾರಿ ಊರ ಗುಡಿಯ ಗೋಡೆಯ ಮೇಲೆ ಕೂತಿತು. ನಾವು ಯಾರೂ ಕಾಲಿಡದ ಕಟ್ಟೆಯ ಮೇಲಿನ ಗೋಡೆ. ಹುಡುಗರು ಹೋ ಎಂದು ಕೂಗಿದರು. ಸರ್ ಚಟ್ಟನೆ ಕನ್ನಡಿ ಹೊರಳಿಸಿ ಬೆಳಕನ್ನು ಸಮುದಾಯ ಭವನದ ಗೋಡೆಗೆ ಬಿಟ್ಟರು. "ಬ್ಯಾಡ. ಜಗಳ ಆಗತೈತಿ, ರಾತ್ರಿ ನಾನು ಬಸ್ ಹತ್ತಿ ಹೋಗ್ತೀನಿ, ನೀವು ಇಲ್ಲೇ ಇರೋರು" ಅಂದರು. ಗೋಡೆಯ ಮೇಲಿನ ಸೂರ್ಯ ಅಂಚು ಕಚ್ಚಿದ ರೊಟ್ಟಿಯ ಹಾಗಿದ್ದ. ಮಂಡಾಳು ತಿನ್ನುತ್ತಾ ನಾವೆಲ್ಲ ಅವನು ಮುಳುಗುವವರೆಗೂ ನೋಡಿದೆವು. ಊರೊಳಗೆ ಬಾಗಿಲು ಮುಚ್ಚಿದ್ದವು.

ಮೂರು ವರ್ಷ ಮೊದಲು, 2019ರ ಡಿಸೆಂಬರ್ 26ರ ಗ್ರಹಣದ ದಿನ, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಸುದ್ದಿಯ ಪೇಪರಿನ ತುಂಡು ಸರ್ ಕಿಸೆಯಲ್ಲಿತ್ತು. ಅದನ್ನು ನನಗೆ ತೋರಿಸಿ ಹೇಳಿದರು: "ಎಚ್. ನರಸಿಂಹಯ್ಯನವರು 1976ರಾಗ ಬೆಂಗಳೂರು ವಿಶ್ವವಿದ್ಯಾಲಯದಾಗ ಪವಾಡ ತನಿಖೆಗೆ ಸಮಿತಿ ಮಾಡಿದರು. ಆ ಧೈರ್ಯ ನನಗಿಲ್ಲ. ನನಗಿದ್ದದ್ದು ಒಂದು ಕನ್ನಡಿ ಅಷ್ಟ."

ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ನಾನೇ ಕವಿತೆಯ ಮಾತು ತೆಗೆದೆ. ಅವರು ಸುಮ್ಮನೆ ಸ್ವಲ್ಪ ದೂರ ನಡೆದರು.

"ಚೊಲೊ ಇತ್ತು. ಖರೇನೂ ಇತ್ತು. ಆದರ ಅರ್ಧ ಇತ್ತು. ಆ ಊರಾಗ ಹದಿನಾಲ್ಕು ಮನಿ ನೋಡೀನಿ. ಹದಿಮೂರು ಮನ್ಯಾಗ ಖರೆ ಹೇಳಿದೆ. ಬಾಡಿಗಿ ಮನಿ ಖಾಲಿ ಇದ್ದರೂ ಖಾಲಿ ಇಲ್ಲ ಅಂದರು. ಹದಿನಾಲ್ಕನೇ ಮನ್ಯಾಗ 'ಯಾವ ಮಂದಿ' ಅಂತ ಕೇಳಿದಾಗ 'ಬಸವಣ್ಣನವರ ಮಂದಿ' ಅಂದೆ. ಅವರು ತಿಳಕೊಳ್ಳೋದು ತಿಳಕೊಂಡರು. ಹರಳಯ್ಯನೂ ಬಸವಣ್ಣನವರ ಮಂದಿನ ಅಲ್ಲೇನು? ಸುಳ್ಳು ಹೇಳಲಿಲ್ಲ. ಆದರ ದಿನಾ ರಾತ್ರಿ ಸುಳ್ಳಿನ ಮ್ಯಾಲೆ ಮಕ್ಕೊಂಡಂಗ ಆಗತೈತಿ. ಮಗಳು ಕಾಲೇಜಿಗೆ ಹೋಗಬೇಕಿತ್ತು, ತಮ್ಮಾ."

ಬಸ್ಸು ಬಂತು. ಹತ್ತುವ ಮುಂಚೆ ಅಂದರು: "ನಾನು ಹೋದ ಮ್ಯಾಲ ಇನ್ನರ್ಧ ಬರಿ. ಹೆಸರು ಹಾಕಬ್ಯಾಡ, ಊರು ಹಾಕಬ್ಯಾಡ. ಮಕ್ಕಳು ಅಲ್ಲೇ ಬಾಳ್ವಿ ಮಾಡಬೇಕು."

ಆ ಇನ್ನರ್ಧವೇ ಇದು.

ತೀರಿಕೊಂಡ ದಿನ ನಾನು ಹೋದಾಗ ಆ ಬೀದಿಯ ಮಂದಿಯೆಲ್ಲ ಅಂಗಳದಲ್ಲಿದ್ದರು. ಹೂವಿನ ಹಾರ ತಂದಿದ್ದರು. ಒಳ್ಳೆಯ ಮಾಸ್ತರು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ಸುಳ್ಳಲ್ಲ. ಹೊತ್ತು ಏರಿದ ಮೇಲೆ ಅವರ ಊರಿನಿಂದ ಟಂಟಂ ಗಾಡಿಗಳು ಬಂದವು. ಕೇರಿಯ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇಳಿದರು. ಹಲಗೆ ಇಳಿಯಿತು. ಮೊದಲ ಪೆಟ್ಟು ಬಿದ್ದ ಕೂಡಲೇ ಬೀದಿಗೆ ಎಲ್ಲ ತಿಳಿಯಿತು. ಅಂಗಳದವರು ಒಬ್ಬೊಬ್ಬರೇ ಸರಿದರು. ಒಂದೊಂದೇ ಬಾಗಿಲು ಮುಚ್ಚಿತು. ಹಗಲು ಹನ್ನೊಂದು ಗಂಟೆ, ಬೀದಿ ಖಾಲಿ. 1980ರಲ್ಲಿ ಅವರು ಕಂಡ ಊರು ಹೀಗೇ ಇದ್ದಿರಬೇಕು.

ಎರಡು ಮನೆಯ ಬಾಗಿಲು ಮುಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ಎದುರು ಮನೆಯ ಮುಸ್ಲಿಂ ಮುದುಕಿ ಕೊಡ ನೀರು ತಂದು ದೂರದಿಂದ ಬಂದ ಹೆಂಗಸರಿಗೆ ಕುಡಿಸಿದಳು. ಇನ್ನೊಂದು ಮನೆಯಿಂದ ಒಬ್ಬ ಹುಡುಗ ಓಡಿ ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ಅವನ ಅಪ್ಪ ಕಿಟಕಿಯಿಂದ ಕೂಗುತ್ತಿದ್ದ. ಹುಡುಗ ತಿರುಗಿ ನೋಡಲಿಲ್ಲ. ಅವನು ಸರ್‌ನ ಕಡೆಯ ವರ್ಷದ ವಿದ್ಯಾರ್ಥಿ ಎಂದು ಆಮೇಲೆ ತಿಳಿಯಿತು.

ಅವರನ್ನು ಹುಟ್ಟಿದೂರಿನ ಮಣ್ಣಿಗೆ ಕೊಟ್ಟು ಬಂದೆವು. ತಿಂಗಳ ಮೇಲೆ ಅವರ ಮಗಳು ನನಗೆ ಒಂದು ನೋಟುಬುಕ್ಕು, ಆ ಕನ್ನಡಿ ಕೊಟ್ಟಳು. ಅವಳು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನೋಟುಬುಕ್ಕಿನ ಕಡೆಯ ಹಾಳೆಯಲ್ಲಿ ಎರಡು ಸಾಲು, ಒಂದರ ಕೆಳಗೆ ಒಂದು:

20-3-1927 ಮಹಾಡ, ಚವದಾರ ಕೆರೆ.
20-3-2034 ಕಾರ್ಗಿಲ್, ಪೂರ್ಣ ಗ್ರಹಣ.

ಬಾಬಾಸಾಹೇಬರು ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ದಿನವೇ ಸರ್ ಕಂಡ ಗ್ರಹಣ ಮರಳಿ ಬರುತ್ತದೆ. ತಾರೀಖು ಒಂದೇ ಆದದ್ದು ಆಕಸ್ಮಿಕ. ಅದರಲ್ಲಿ ಪವಾಡ ಹುಡುಕಿದರೆ ಸರ್ ಬೈಯುತ್ತಿದ್ದರು. ಆದರೆ ಅವರು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದಾರೆ.

ಹಳ್ಳಿಯ ಶಾಲೆಗಳಲ್ಲಿ ಕಲಿಸುವ ಗೆಳೆಯರಿಗೆ ಒಂದು ಮಾತು. ಪ್ರಯೋಗಾಲಯದ ಕೀಲಿ ಸಿಗುವವರೆಗೆ ಕಾಯಬೇಡಿ. ಕ್ಷೌರದ ಕನ್ನಡಿ, ಒಂದು ಹಾಳೆ, ಒಂದು ತೂತು ಸಾಕು. ಮುಂದಿನ ಗ್ರಹಣದ ದಿನ ಮಕ್ಕಳನ್ನು ಹೊರಗೆ ಕರೆಯಿರಿ, ಬರಿಗಣ್ಣಿನಿಂದ ನೋಡಲು ಬಿಡಬೇಡಿ, ಗೋಡೆಯ ಮೇಲೆ ತೋರಿಸಿ. ಎಲ್ಲರಿಗೂ ಒಂದೇ ತಾಟಿನಿಂದ ಏನಾದರೂ ತಿನ್ನಲು ಕೊಡಿ. ನಿಮ್ಮ ಕೇರಿಯ ಮುದುಕಿಯರನ್ನು ಕೇಳಿ, ಗ್ರಹಣದ ಕೂಳಿನ ಕಥೆ ಬರೆದುಕೊಳ್ಳಿ. ಅವರು ಹೋದರೆ ಆ ವರದಿಯೂ ಹೋಗುತ್ತದೆ.

ನಾವು ಐದು ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ಕೂಡಿಸುತ್ತಿದ್ದೇವೆ. 2034ಕ್ಕೆ ಕೇರಿಯ ಒಂದಿಷ್ಟು ಮಕ್ಕಳನ್ನು ಕಾರ್ಗಿಲ್‌ಗೆ ಕರೆದುಕೊಂಡು ಹೋಗಬೇಕು. ಚಳಿ ಬಹಳ ಅಂತೆ. ಆಯಿ ಈಗಲೇ ಕೌದಿ ಹೊಲಿಯಲು ಕೂತಿದ್ದಾಳೆ.